ಮಕ್ಕಳ ಜೀವನಾಂಶ: ಕೆಲಸ ಬಿಡುವಿಕೆ ಮತ್ತು ಎರಡನೆಯ ಸಂಸಾರ (ಬ್ರಿಟನ್)

ಮೊದಲ ಸಂಸಾರದಿಂದ ಬೇರೆಯಾದ ತಂದೆ ಅಥವಾ ತಾಯಿ ಎರಡನೆಯ ಸಂಸಾರ ಹೂಡಿ, ಹೊಸ ಸಂಗಾತಿಯ ದುಡಿಮೆಯನ್ನು ನೆಚ್ಚಿ ತಾನು ಕೆಲಸ ಬಿಟ್ಟರೆ, ಮೊದಲ ಮಕ್ಕಳಿಗೆ ಸಲ್ಲುವ ಜೀವನಾಂಶ ಬ್ರಿಟನ್ನಿನ ಇಂದಿನ ನಿಯಮದಂತೆ ನಿಂತೇ ಹೋಗಬಹುದು. ಸಂಗಾತಿಯ ಸಂಬಳ ಲೆಕ್ಕಕ್ಕೆ ಬರುವುದಿಲ್ಲ.

ಇತಿಹಾಸ

ಮೊದಲು ನ್ಯಾಯಾಲಯಗಳೇ ಗೊತ್ತುಮಾಡುತ್ತಿದ್ದ ಮೊತ್ತವನ್ನು, 1991ರ ಕಾಯಿದೆಯಂತೆ 1993ರ ಏಪ್ರಿಲ್‌ನಿಂದ ಸರ್ಕಾರಿ ಏಜೆನ್ಸಿಯೊಂದು ಸೂತ್ರ ಹಿಡಿದು ಎಣಿಸತೊಡಗಿತು. ಆ ಸೂತ್ರ ಬಲು ತೊಡಕಿನದು. ಎರಡನೆಯ ಮನೆ ಬಡತನಕ್ಕೆ ಇಳಿಯದಂತೆ ಅದರಲ್ಲಿ ‘ರಕ್ಷಿತ ಆದಾಯ’ ಎಂಬ ಮಿತಿಯಿತ್ತು. ಆ ಮಿತಿಯ ಲೆಕ್ಕದಲ್ಲಿ ಹೊಸ ಸಂಗಾತಿಯ ಗಳಿಕೆಯನ್ನೂ ಸೇರಿಸುತ್ತಿದ್ದರು. ತಮ್ಮ ದುಡಿಮೆ ಇನ್ನೊಬ್ಬಳ ಮಕ್ಕಳ ಪಾಲಾಗುತ್ತಿದೆ ಎಂಬ ಎರಡನೆಯ ಹೆಂಡತಿಯರ ದೂರಿಗೆ ಇದೂ ಒಂದು ಕಾರಣವಿರಬೇಕು. 2003ರ ಮಾರ್ಚ್‌ನಲ್ಲಿ ಬಂದ ಸೂತ್ರ ಅದನ್ನೆಲ್ಲ ಬದಿಗೊತ್ತಿ, ಮಕ್ಕಳು ಒಬ್ಬರಾದರೆ ನಿವ್ವಳ ಆದಾಯದ ಶೇ. 15, ಇಬ್ಬರಾದರೆ 20, ಮೂವರು ಅಥವಾ ಹೆಚ್ಚಾದರೆ 25 ಎಂದಿತು. ತೋರಿಸಿದ ಆದಾಯಕ್ಕೂ ಬದುಕುವ ರೀತಿಗೂ ತಾಳೆಯಾಗದಿದ್ದರೆ ಮೊತ್ತ ಏರಿಸಲು ಅದರಲ್ಲಿ ಅವಕಾಶವಿತ್ತು. 2012ರ ಕೊನೆಗೆ ಆರಂಭವಾದ ಮೂರನೆಯ ಸೂತ್ರ ಆ ಅವಕಾಶವನ್ನು ಕೈಬಿಟ್ಟಿತು. ಪ್ರಸ್ತುತ ವಿಷಯದ ಮಟ್ಟಿಗೆ ದೊಡ್ಡ ತಿರುವು ಇದೇ.

ಈಗಿನ ಲೆಕ್ಕ

ಈಗ ಆಧಾರ ಒಟ್ಟು ಆದಾಯ. ತೆರಿಗೆ ಇಲಾಖೆಯ ದಾಖಲೆಯೇ ಮೂಲ. ಎರಡನೆಯ ಮನೆಯಲ್ಲಿ ಒಂದು ಮಗುವಿದ್ದರೆ ಮೊದಲು ಶೇ. 11, ಎರಡಿದ್ದರೆ 14, ಮೂರು ಅಥವಾ ಹೆಚ್ಚಿದ್ದರೆ 16 ಕಳೆಯುತ್ತಾರೆ. ವಾರಕ್ಕೆ 500 ಪೌಂಡ್ ಗಳಿಸುವವನ ಎರಡನೆಯ ಮನೆಯಲ್ಲಿ ಒಂದು ಮಗುವಿದ್ದರೆ ಉಳಿಯುವುದು 445. ಮೊದಲ ಸಂಸಾರದ ಇಬ್ಬರು ಮಕ್ಕಳಿಗೆ ಅದರ ಶೇ. 16, ಅಂದರೆ 71.20 ಪೌಂಡ್. ಅವನು ಕೆಲಸ ಬಿಟ್ಟು ಸರ್ಕಾರಿ ಭತ್ಯೆ ಪಡೆದರೆ ಇದು 7 ಪೌಂಡಿಗೆ ಇಳಿಯುತ್ತದೆ. ಭತ್ಯೆಯೂ ಇಲ್ಲದೆ ಆದಾಯ ವಾರಕ್ಕೆ 7 ಪೌಂಡಿಗೂ ಕಡಿಮೆಯಾದರೆ ಸೊನ್ನೆ. ಆದಾಯ ಶೇ. 25ರಷ್ಟಾದರೂ ಬದಲಾದರೆ ಮಾತ್ರ ನಡುವೆ ಮರುಲೆಕ್ಕ. ಕೆಲಸವನ್ನೇ ಬಿಟ್ಟವನಿಗೆ ಈ ಷರತ್ತು ಅಡ್ಡಿಯಾಗದು. ಹಳೆಯ ಬಾಕಿ ಮಾತ್ರ ಮನ್ನಾ ಆಗುವುದಿಲ್ಲ.

ತಡೆಗಳು

ಇವು ಹೆಚ್ಚಿಲ್ಲ. ಆದಾಯವನ್ನು ಬೇರೆಯವರ ಹೆಸರಿಗೆ ತಿರುಗಿಸಿದ್ದರೆ ಇನ್ನೊಬ್ಬ ಪೋಷಕರು ಅರ್ಜಿ ಹಾಕಬಹುದು. 2018ರ ಡಿಸೆಂಬರ್‌ನಿಂದ, 31,250 ಪೌಂಡ್ ಮೀರಿದ ಕೆಲವು ಬಗೆಯ ಆಸ್ತಿಗೆ ವರ್ಷಕ್ಕೆ ಶೇ. 8ರ ಆದಾಯವನ್ನು ಊಹಿಸಿಕೊಳ್ಳುವುದೂ ಸಾಧ್ಯವಾಗಿದೆ.

ಭಾರತದಲ್ಲಿ

ಇಲ್ಲಿ ಇಂಥ ಸೂತ್ರವಿಲ್ಲ. ನ್ಯಾಯಾಲಯ ನೋಡುವುದು ಸಂಬಳವನ್ನಷ್ಟೇ ಅಲ್ಲ, ದುಡಿಯುವ ಶಕ್ತಿಯನ್ನೂ. ಮೈಯಲ್ಲಿ ಕಸುವಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟ್ 2022ರ ಅಂಜು ಗರ್ಗ್ ಪ್ರಕರಣದಲ್ಲಿ ಹೇಳಿದೆ.