ಮೀನಿಗೆ ಹೆಸರಿಟ್ಟವರು

ಊರಿಗೆ, ಬೀದಿಗೆ, ಅಣೆಕಟ್ಟಿಗೆ ದೊಡ್ಡವರ ಹೆಸರಿಡುವುದು ನಮಗೆಲ್ಲ ತಿಳಿದ ಸಂಪ್ರದಾಯ. ಆದರೆ ಬೆರಳಿನ ಗೆಣ್ಣಿನಷ್ಟುದ್ದದ ಮೀನಿನಲ್ಲಿ ಹೆಸರು ಉಳಿಸಿಕೊಂಡವರೂ ಉಂಟು; ಅಂಥ ಹೆಸರಿಗಾಗಿ ವಿದ್ವಾಂಸರು ವ್ಯಾಜ್ಯಕ್ಕೆ ನಿಂತದ್ದೂ ಉಂಟು.

ನಾನು ಸಾಕಿರುವ ಹನ್ನೆರಡು ಟೆಟ್ರಾ ಮೀನುಗಳು ಗಾಜಿನ ತೊಟ್ಟಿಯ ನೀರುಗಿಡಗಳ ನಡುವೆ ಗುಂಪಾಗಿಯೇ ಸಂಚರಿಸುತ್ತವೆ. ಒಂದು ತಿರುಗಿದರೆ ಹನ್ನೆರಡೂ ತಿರುಗಿದಂತೆ. ಅವುಗಳ ಪಕ್ಕೆಯ ನೀಲಿ ಗೆರೆ ಬಳಿದ ಬಣ್ಣದಂಥದಲ್ಲ. ಚರ್ಮದೊಳಗಿನ ಅತಿ ಸೂಕ್ಷ್ಮ ಹರಳುಗಳು ಬೆಳಕನ್ನು ಹಿಂದಿರುಗಿಸಿ ತೋರುವ ಮಾಯೆ. ಇರುಳು ಕವಿದರೆ ಆ ಗೆರೆಯೂ ಮಂಕಾಗುತ್ತದೆ.

ಈ ಬಳಗದಲ್ಲಿ ಮೊದಲು ಹೆಸರಾದದ್ದು ನಿಯಾನ್ ಟೆಟ್ರಾ. 1934ರಲ್ಲಿ ಫ್ರಾನ್ಸಿನ ಓಗ್ಯುಸ್ತ್ ರಬೋ ಅವರು ಅಮೆಜಾನಿನ ಮೇಲ್ಭಾಗದಲ್ಲಿ ಇದನ್ನು ಕಂಡರು. 1936ರಲ್ಲಿ ಮತ್ಸ್ಯಶಾಸ್ತ್ರಜ್ಞ ಜಾರ್ಜ್ ಮೈಯರ್ಸ್ ಇದನ್ನು ಶಾಸ್ತ್ರೋಕ್ತವಾಗಿ ವರ್ಣಿಸಿ, ಫಿಲಡೆಲ್ಫಿಯಾದಲ್ಲಿ 'ದಿ ಅಕ್ವೇರಿಯಂ' ಪತ್ರಿಕೆ ನಡೆಸುತ್ತಿದ್ದ ವಿಲಿಯಂ ಇನ್ನೆಸ್ ಅವರ ಗೌರವಾರ್ಥವಾಗಿ 'ಇನ್ನೆಸಿ' ಎಂದು ಕರೆದರು.

ಎರಡು ದಶಕಗಳ ಮೇಲೆ ರಿಯೊ ನೀಗ್ರೊ ನದಿಯಿಂದ ಇದರ ಅಣ್ಣನಂಥ ಮೀನೊಂದು ಬಂದಿತು. ನಿಯಾನಿನ ಕೆಂಪು ನಡುವಿನಿಂದ ಬಾಲದ ಕಡೆಗೆ ಮಾತ್ರ. ಇದರ ಕೆಂಪು ಮೈಯುದ್ದಕ್ಕೂ. 1956ರ ಫೆಬ್ರವರಿ 20ರ ತಾರೀಕಿನಲ್ಲಿ ಲೆನರ್ಡ್ ಷುಲ್ಟ್ಸ್ ಅವರು 'ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್' ಪತ್ರಿಕೆಯಲ್ಲಿ ಇದಕ್ಕೆ 'ಆಕ್ಸೆಲ್ರಾಡಿ' ಎಂದು ಹೆಸರಿಟ್ಟರು. ಹರ್ಬರ್ಟ್ ಆಕ್ಸೆಲ್ರಾಡ್ ಎಂದರೆ ಆ ಪತ್ರಿಕೆಯ ಸ್ಥಾಪಕರೇ. ಮರುದಿನ, 21ರಂದು, ಸ್ಟ್ಯಾನ್‌ಫರ್ಡಿನಿಂದ ಅದೇ ಮೈಯರ್ಸ್ ಮತ್ತು ಸ್ಟ್ಯಾನ್ಲಿ ವೈಟ್ಸ್‌ಮನ್ ಅವರ ಲೇಖನ ಹೊರಬಿತ್ತು. ರೋಮನ್ ಕ್ಯಾಥೊಲಿಕ್ ಕಾರ್ಡಿನಲ್‌ಗಳ ಕೆಂಪು ನಿಲುವಂಗಿಯನ್ನು ನೆನಪಿಸುವಂತೆ ಅವರಿಟ್ಟ ಹೆಸರು 'ಕಾರ್ಡಿನಾಲಿಸ್'.

ಅಂತರ ಒಂದೇ ದಿನ! ಪ್ರಾಣಿಗಳ ನಾಮಕರಣದಲ್ಲಿ ಮೊದಲು ಅಚ್ಚಾದ ಹೆಸರಿಗೇ ಹಕ್ಕು. ತಂಟೆ ಅಂತರರಾಷ್ಟ್ರೀಯ ಆಯೋಗದ ಮುಂದೆ ಹೋಗಿ, 1957ರಲ್ಲಿ 'ಆಕ್ಸೆಲ್ರಾಡಿ' ಗೆದ್ದಿತು. ಗ್ರಂಥದಲ್ಲಿ ಸೋತ ಹೆಸರು ಪೇಟೆಯಲ್ಲಿ ಸೋಲಲಿಲ್ಲ. ಅಂಗಡಿಯಲ್ಲಿ ಇಂದಿಗೂ ಅದು ಕಾರ್ಡಿನಲ್ ಟೆಟ್ರಾ.

ಹೀಗೆ ಪತ್ರಿಕೆಯ ಯಜಮಾನರಿಬ್ಬರು ಎರಡು ಮೀನುಗಳಲ್ಲಿ ಶಾಶ್ವತರಾದರು. ಹಾಗಾದರೆ ನೀರಿಗಿಳಿದು ಈ ಮೀನುಗಳನ್ನು ಹಿಡಿದವರು? ಬ್ರೆಜಿಲಿನ ಬಾರ್ಸೆಲೊಸ್ ಊರಿನ ಸುತ್ತ, ಚಹಾದ ಬಣ್ಣದ ನೀರಿನಲ್ಲಿ, ನೆರೆಯಲ್ಲಿ ಮುಳುಗಿದ ಕಾಡಿನ ಮರಗಳ ನಡುವೆ ಸಣ್ಣ ದೋಣಿ ನಡೆಸಿ, ಕೈಬಲೆಯಿಂದ ಇವನ್ನು ಹಿಡಿಯುವವರಿಗೆ ಪಿಯಾಬೆರೊ ಎಂದು ಹೆಸರು. 'ಪಿಯಾಬ' ಎಂದರೆ ಅಲ್ಲಿಯ ಮಾತಿನಲ್ಲಿ ಪುಟ್ಟ ಮೀನು. ಅವರು ಹಿಡಿದದ್ದು ಹಡಗಿನಲ್ಲಿ ಮನೌಸ್ ಪಟ್ಟಣಕ್ಕೆ ಬಂದು, ಅಲ್ಲಿಂದ ದೇಶಾಂತರ ಹೋಗುತ್ತದೆ.

ಈ ಕಸುಬನ್ನು ಕುರಿತು ಅಲ್ಲಿ 1989ರಲ್ಲಿ ಆರಂಭವಾದ 'ಪ್ರಾಜೆಕ್ಟ್ ಪಿಯಾಬ'ದ ವಾದ ಸರಳ: ಮೀನಿನಿಂದ ಅನ್ನ ಹುಟ್ಟುವ ತನಕ ಜನ ಕಾಡಿಗೆ ಕೊಡಲಿ ಹಾಕರು. ಆದರೆ ಅಂಗಡಿಯ ನಿಯಾನುಗಳಲ್ಲಿ ಬಹುಪಾಲು ಈಗ ಸಾಕಣೆಯ ಕೊಳಗಳಲ್ಲೇ ಹುಟ್ಟುತ್ತವೆ. ಕಾರ್ಡಿನಲ್ಲನ್ನೂ ಹಾಗೆ ಬೆಳೆಸುವ ವಿದ್ಯೆ ಕೈಗೂಡಿದೆ. ಕೊಳದ ಮೀನು ಅಗ್ಗವಾದಷ್ಟೂ ನದಿಯ ಮೀನಿಗೆ ಗಿರಾಕಿ ಕಡಿಮೆ.

ಪಟ್ಟಣದವರು ಮೀನಿಗೆ ತಮ್ಮ ಹೆಸರು ಕೊಟ್ಟರು. ನದಿಯವರು ಮೀನಿನಿಂದ ತಮ್ಮ ಹೆಸರು ಪಡೆದರು. ಮೊದಲನೆಯದನ್ನು ಆಯೋಗದ ತೀರ್ಪು ಕಾಯುತ್ತದೆ. ಎರಡನೆಯದು ಉಳಿಯಬೇಕಾದರೆ ಕೈಬಲೆಯ ಮೀನನ್ನು ಕೇಳಿ ಕೊಳ್ಳುವವರು ಇರಬೇಕು.