ಎರಡು ಬೆಂಕಿಗಳ ನಡುವಿನ ಸಂದು

ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೊ ಅಧ್ಯಕ್ಷರಾಗಿದ್ದದ್ದು 1984ರಿಂದ 1994ರವರೆಗೆ. ಅಷ್ಟು ಕಾಲದಲ್ಲಿ ಶ್ರೀಹರಿಕೋಟಾದಿಂದ ಉಪಗ್ರಹ ಹೊತ್ತು ಹೊರಟ ರಾಕೆಟ್‌ಗಳು ನಾಲ್ಕೇ ನಾಲ್ಕು. ಮೂರು ಸಮುದ್ರದ ಪಾಲಾದವು. ಒಂದು, ಉಪಗ್ರಹವನ್ನು ಬೇಕಾದ್ದಕ್ಕಿಂತ ಕೆಳಗಿನ ಕಕ್ಷೆಯಲ್ಲಿ ಬಿಟ್ಟಿತು. ಆರ್ಯಭಟ ಉಪಗ್ರಹವನ್ನು ಕಟ್ಟಿದ ತಂಡದ ನಾಯಕನ ಬಗ್ಗೆ ಬರೆಯಲು ಕೂತವನಿಗೆ ಈ ಲೆಕ್ಕ ನುಂಗಲಾರದ ತುತ್ತಾಯಿತು. ಹತ್ತು ವರ್ಷ ಬರೀ ಸೋಲೇ? ಕಾಗದಪತ್ರ ಹುಡುಕಲು ಹೊರಟದ್ದು ಆ ಸಂಕಟಕ್ಕೆ.

ಮೊದಲು ಕೈಗೆ ಸಿಕ್ಕದ್ದು ಉಡಾವಣೆಗಳ ಪಟ್ಟಿ. ಎಎಸ್‌ಎಲ್‌ವಿ-ಡಿ1, 24 ಮಾರ್ಚ್ 1987: ಪಕ್ಕದ ಸ್ಟ್ರಾಪ್-ಆನ್‌ಗಳು ಉರಿದು ಮುಗಿದ ಮೇಲೆ ಮೊದಲ ಹಂತ ಹೊತ್ತಿಕೊಳ್ಳಲಿಲ್ಲ. ಡಿ2, 13 ಜುಲೈ 1988: ನಿಯಂತ್ರಣ ಸಾಲಲಿಲ್ಲ. ಎರಡೂ ಬಂಗಾಳಕೊಲ್ಲಿಗೆ. ಒಂದೊಂದು ಸೋಲಿಗೆ ಒಂದೊಂದು ಸಾಲು, ಅಷ್ಟೆ. ಹಳೆಯ ಪತ್ರಿಕೆಗಳ ಬೈಂಡು ತೆಗೆದು ಕೂತೆ. ಹಾಳೆ ತಿರುವಿದರೆ ಅಂಚು ಪುಡಿಯಾಗಿ ಮಡಿಲಿಗೆ ಉದುರುತ್ತಿತ್ತು. ಉಡಾವಣೆಯ ಮರುದಿನದ ಪತ್ರಿಕೆಯಲ್ಲಿ ರಾಕೆಟ್ ಬಿದ್ದದ್ದು ಸಿಗುತ್ತದೆ, ಬಿದ್ದದ್ದೇಕೆ ಎಂಬುದು ಸಿಗುವುದಿಲ್ಲ. ಅದು ಬರುವುದು ತಿಂಗಳುಗಳ ನಂತರ, ತನಿಖೆ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಓದುಗರ ಗಮನ ಬೇರೆಲ್ಲೋ ಹೋಗಿರುತ್ತದೆ.

ಬಹಳ ದಿನ ನಾನು ಈ ಎರಡು ಸೋಲುಗಳೂ ಒಂದೇ ಕಾಯಿಲೆಯವು ಎಂದುಕೊಂಡಿದ್ದೆ. ಎರಡೂ ಹಾರಾಟ ಶುರುವಾಗಿ ಐವತ್ತು ಸೆಕೆಂಡಿನ ಆಸುಪಾಸಿನಲ್ಲೇ ಕೆಟ್ಟಿದ್ದವು. ತಪ್ಪು ತಿಳಿದದ್ದು ಆ ರಾಕೆಟ್ಟಿನ ರಚನೆ ಅರ್ಥವಾದಾಗ. ಎಎಸ್‌ಎಲ್‌ವಿ ಎಂದರೆ ಹಳೆಯ ಎಸ್‌ಎಲ್‌ವಿ-3ಕ್ಕೆ ಎರಡೂ ಪಕ್ಕ ಒಂದೊಂದು ರಾಕೆಟ್ ಕಟ್ಟಿದ್ದು. 40 ಕೆ.ಜಿ. ಹೊರುತ್ತಿದ್ದದ್ದು 150 ಕೆ.ಜಿ. ಹೊರಬೇಕು. ನೆಲ ಬಿಡುವಾಗ ಉರಿಯುವುದು ಪಕ್ಕದವೆರಡೇ. ಅವು ಆರುವ ಹೊತ್ತಿಗೆ ನಡುವಿನದು ಹೊತ್ತಬೇಕು.

ಡಿ1ರಲ್ಲಿ ಹೊತ್ತಿಸುವ ಆಜ್ಞೆ ನಡುವಿನ ರಾಕೆಟ್ಟಿಗೆ ತಲುಪಲೇ ಇಲ್ಲ. ಡಿ2ರಲ್ಲಿ ತಲುಪಿತು, ಹೊತ್ತಿತು. ಆದರೆ ಪಕ್ಕದವು ಎಣಿಸಿದ್ದಕ್ಕಿಂತ ಮೊದಲೇ ಆರಿಹೋಗಿದ್ದವು. ನಡುವಿನದು ಮಾತ್ರ ಗಡಿಯಾರ ಹೇಳಿದ ಹೊತ್ತಿಗೇ ಹೊತ್ತಿತು. ಒಂದು ಬೆಂಕಿ ಆರಿ ಇನ್ನೊಂದು ಹತ್ತುವ ನಡುವೆ ಒಂದು ಸಣ್ಣ ಸಂದು ಉಳಿಯಿತು.

ಚಿಕ್ಕಂದಿನಲ್ಲಿ ಅಂಗೈ ಮೇಲೆ ಕೋಲು ನಿಲ್ಲಿಸಿ ಆಡುತ್ತಿದ್ದೆವಲ್ಲ, ಅದನ್ನು ನೆನೆಸಿಕೊಳ್ಳಿ. ಕೋಲು ವಾಲಿದತ್ತ ಕೈ ಸರಿಯುತ್ತಲೇ ಇರಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತು ಕೈ ನಿಂತರೂ ಕೋಲು ಹಿಡಿತಕ್ಕೆ ಸಿಗದಷ್ಟು ವಾಲಿಬಿಡುತ್ತದೆ. ಆ ಸಂದಿನಲ್ಲಿ ರಾಕೆಟ್ಟಿಗೆ ಕೈಯೇ ಇರಲಿಲ್ಲ. ಅದೂ ಎಂಥ ಜಾಗದಲ್ಲಿ! ವೇಗ ಏರಿದೆ, ಗಾಳಿ ಇನ್ನೂ ತೆಳುವಾಗಿಲ್ಲ, ಮೈಮೇಲೆ ಗಾಳಿಯ ಒತ್ತಡ ಎಲ್ಲಕ್ಕಿಂತ ಹೆಚ್ಚು. ಕೊಂಚ ಓರೆಯಾದದ್ದೇ ಗಾಳಿಯ ಹೊಡೆತಕ್ಕೆ ಸಿಕ್ಕಿತು. ತಿದ್ದಲು ನಿಯಂತ್ರಣದ ಬಲ ಸಾಲದೆ ಮುರಿಯಿತು. ಪಟ್ಟಿಯ ‘ನಿಯಂತ್ರಣ ಸಾಲಲಿಲ್ಲ’ ಎಂಬ ಎರಡು ಪದಗಳ ಒಳಗೆ ಇಷ್ಟೆಲ್ಲ ಇತ್ತು.

ಇಲ್ಲಿಗೆ ಬಂದಾಗ ಪುಸ್ತಕ ಮಡಚಿ ಸುಮ್ಮನೆ ಕೂತೆ. ಡಿ1ರಲ್ಲಿ ನಡುವಿನ ಹಂತ ಹೊತ್ತಿಕೊಂಡೇ ಇರಲಿಲ್ಲ. ಹಾಗಾಗಿ ಈ ಸಂದು ಪರೀಕ್ಷೆಗೇ ಬಂದಿರಲಿಲ್ಲ. ಮೊದಲ ಸೋಲು ಎರಡನೆಯದನ್ನು ಬೆನ್ನ ಹಿಂದೆ ಮರೆಮಾಡಿ ನಿಂತಿತ್ತು. ಮೊದಲನೆಯದನ್ನು ರಿಪೇರಿ ಮಾಡಿದ ಮೇಲಷ್ಟೇ ಎರಡನೆಯದು ಕಾಣಬಲ್ಲದು.

ಡಿ2 ಆದ ಮೇಲೆ ಸುಮಾರು ನಾಲ್ಕು ವರ್ಷ ಎಎಸ್‌ಎಲ್‌ವಿ ಹಾರಲಿಲ್ಲ. ಆ ನಾಲ್ಕು ವರ್ಷಗಳ ಕೆಲಸವೇ ನನಗೆ ರಾವ್ ಕಾಲದ ದೊಡ್ಡ ಸಂಗತಿ ಅನ್ನಿಸುತ್ತದೆ. ಬುಡಕ್ಕೆ ರೆಕ್ಕೆಗಳು ಬಂದವು. ಗಡಿಯಾರದ ಅಧಿಕಾರ ಹೋಯಿತು: ಪಕ್ಕದ ರಾಕೆಟ್‌ಗಳ ನೂಕುಬಲ ಇಳಿಯುವುದನ್ನು ಅಳೆದು, ಆಗಲೇ ನಡುವಿನದನ್ನು ಹೊತ್ತಿಸುವ ಏರ್ಪಾಟಾಯಿತು.

20 ಮೇ 1992ರಂದು ಡಿ3 ಆ ಸಂದನ್ನು ದಾಟಿತು. ಕೈಕೊಟ್ಟದ್ದು ತೀರಾ ಮೇಲೆ, ನಾಲ್ಕನೇ ಹಂತದ ತಿರುಗುವಿಕೆಯಲ್ಲಿ. 106 ಕೆ.ಜಿ.ಯ ಉಪಗ್ರಹ ತಗ್ಗಿನ ಕಕ್ಷೆ ಸೇರಿ ಎರಡು ತಿಂಗಳು ತುಂಬುವ ಮೊದಲೇ ಉರಿದುಹೋಯಿತು. ಹಿಂದಿನ ಎರಡು ರಾಕೆಟ್‌ಗಳು ನಾಲ್ಕನೇ ಹಂತದವರೆಗೆ ಹೋಗಿಯೇ ಇರಲಿಲ್ಲವಲ್ಲ! ಮೂರನ್ನೂ ‘ವಿಫಲ’ ಎಂದು ಒಂದೇ ಕಟ್ಟಿಗೆ ಸೇರಿಸಿದರೆ, ಸೋಲು ಪ್ರತಿ ಸಲವೂ ಮೇಲಕ್ಕೆ ಏರುತ್ತಿದ್ದದ್ದು ಕಾಣುವುದೇ ಇಲ್ಲ.

ನಾಲ್ಕನೆಯದು ಬೇರೆ ರಾಕೆಟ್, ಪಿಎಸ್‌ಎಲ್‌ವಿ; ಅದರ ಮೊದಲ ಹಾರಾಟ 20 ಸೆಪ್ಟೆಂಬರ್ 1993ರಂದು. 846 ಕೆ.ಜಿ.ಯ ಐಆರ್‌ಎಸ್-1ಇ ಉಪಗ್ರಹವಿತ್ತು. ಎರಡನೇ ಹಂತ ಕಳಚುವಾಗ ರಾಕೆಟ್ ಜೋರಾಗಿ ಓಲಾಡಿತು. ಅದನ್ನು ತಿದ್ದಬೇಕಿದ್ದ ತಂತ್ರಾಂಶದಲ್ಲೇ ತಪ್ಪಿತ್ತು. ಉಪಗ್ರಹ ಕಕ್ಷೆ ಸೇರಲಿಲ್ಲ.

1994ರ ಮಾರ್ಚ್ ಕೊನೆಗೆ ರಾವ್ ಕುರ್ಚಿ ಬಿಟ್ಟರು, ಕೆ. ಕಸ್ತೂರಿರಂಗನ್ ಬಂದರು. ಮೇ 4ರಂದು ಎಎಸ್‌ಎಲ್‌ವಿ-ಡಿ4 ಯಶಸ್ವಿಯಾಯಿತು, ಅಕ್ಟೋಬರ್ 15ರಂದು ಪಿಎಸ್‌ಎಲ್‌ವಿ-ಡಿ2. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಮೂರು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದಾಗ ಎದೆ ಭಾರವಾಯಿತು. ರಾವ್ ಅವಧಿಯ ಲೆಕ್ಕಕ್ಕೆ ಆ ಎರಡು ಗೆಲುವುಗಳು ಸೇರುವುದಿಲ್ಲ; ನನ್ನ ಲೇಖನದಲ್ಲಿ ಮಾತ್ರ ಸೇರಿಸಿದ್ದೇನೆ.

ಎಎಸ್‌ಎಲ್‌ವಿ-ಡಿ1 ಹೊತ್ತೊಯ್ದಿದ್ದ ಉಪಗ್ರಹದಲ್ಲಿ ಗಾಮಾ ಕಿರಣಗಳ ಸ್ಫೋಟ ಗುರುತಿಸುವ ಉಪಕರಣವಿತ್ತು. ಅದು ಸಮುದ್ರ ಸೇರಿತು. ಡಿ4ರ 113 ಕೆ.ಜಿ.ಯ ಉಪಗ್ರಹದಲ್ಲೂ ಅದೇ ಕೆಲಸದ ಉಪಕರಣ, ಬೆಂಗಳೂರಿನಲ್ಲೇ ಕಟ್ಟಿದ್ದು. ಆ ಉಪಗ್ರಹ 2001ರ ಜುಲೈವರೆಗೆ ಭೂಮಿಯನ್ನು ಸುತ್ತುತ್ತಿತ್ತು.