ನಮ್ಮ ಹೆಸರಿನ ಮುಂದಿನ ಅಕ್ಷರ

ಮಂಗಳೂರಿನ ಕಡೆಯ ಕಥೋಲಿಕ ಬಂಧುಗಳು ಪರಿಚಯವಾದೊಡನೆ ನಮ್ಮನ್ನು ಕೇಳುವುದು ಮನೆತನದ ಹೆಸರನ್ನು. ಡಿಸೋಜ, ಪಿಂಟೊ, ಲೋಬೊ ಎಂದು ಹೇಳಿಕೊಳ್ಳಲು ಮಂಡ್ಯ ಸೀಮೆಯ ಕನ್ನಡ ಕಥೋಲಿಕರಾದ ನಮ್ಮಲ್ಲಿ ಅಂತಹ ಹೆಸರಿಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಬಳಿಕ ಸ್ವಂತ ಹೆಸರು. ಯಲಿಯೂರಿನವರಿಗೆ 'ಯ'ಕಾರವೇ ಮನೆತನ.

ಹಾಗೆಂದು ಆ ಪೋರ್ಚುಗೀಸ್ ಹೆಸರುಗಳೂ ರಕ್ತಸಂಬಂಧದಿಂದ ಬಂದವಲ್ಲ. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ತರುವಾಯ ಜ್ಞಾನಸ್ನಾನ ಪಡೆದ ಕುಟುಂಬಗಳು ಜ್ಞಾನತಂದೆಯ ಅಥವಾ ಪಾದ್ರಿಯ ಹೆಸರನ್ನು ಧರಿಸಿದವು. ಲೋಬೊ ಎಂದರೆ ತೋಳ. ಕುವೆಲ್ಲೊ ಎಂದರೆ ಮೊಲ. ಆದಕಾರಣ ಇಬ್ಬರು ಲೋಬೊಗಳು ದಾಯಾದಿಗಳೇ ಆಗಿರಬೇಕೆಂದಿಲ್ಲ. ಆ ಹೆಸರಿನ ಅಡಿಯಲ್ಲಿ ಪ್ರಭು, ಕಾಮತ, ಶೆಣೈ, ಪೈ ಎಂಬ ಹಳೆಯ ಹೆಸರುಗಳು ಅನೇಕ ಮನೆಗಳಲ್ಲಿ ಇಂದಿಗೂ ನೆನಪಿನಲ್ಲಿವೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಈ ಹೆಸರುಗಳೂ ಘಟ್ಟ ಹತ್ತಿ ನಮ್ಮ ನೆರೆಗೆ ಬಂದವು. ಸೆರೆಯಾದವರ ಸಂಖ್ಯೆಯನ್ನು ಕೆಲವರು 30 ಸಾವಿರವೆಂದೂ, ಕೆಲವರು 60 ಸಾವಿರವೆಂದೂ ಬರೆದಿದ್ದಾರೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಬಹುಪಾಲು ಕರಾವಳಿಗೆ ಹಿಂದಿರುಗಿದರು. ಚೆದುರಿದ್ದ ಕ್ರೈಸ್ತರನ್ನು ಇಲ್ಲಿ ಒಗ್ಗೂಡಿಸಿದವರು, ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆದ ಫ್ರೆಂಚ್ ಗುರು ಅಬ್ಬೆ ದುಬ್ವಾ.

ನಮ್ಮ ಹಿರಿಯರ ಕಥೆ ಬೇರೆ. 1648ರ ಸುಮಾರಿಗೆ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡವನ್ನೇ ಕಲಿತರು. ಅಂತಹ ಗುರುಗಳ ಮೈಸೂರು ಮಿಷನ್ ಪೋರ್ಚುಗೀಸ್ ಉಪನಾಮಗಳನ್ನು ಹೇರಲಿಲ್ಲ. ಇದನ್ನು ನಾವು ದೊಡ್ಡ ಉಪಕಾರವೆಂದೇ ಎಣಿಸುತ್ತೇವೆ. ಸಂತರ ಹೆಸರುಗಳು ನೆಲದ ಬಾಯಿಗೆ ಒಗ್ಗಿದವು. ಇಗ್ನೇಷಿಯಸ್ ಇನ್ನಾಸಪ್ಪನಾದರು, ಸವೇರಿಯರು ಚೌರಪ್ಪನಾದರು, ಪೇತ್ರರು ರಾಯಪ್ಪನಾದರು. ಪೌಲರು ಚಿನ್ನಪ್ಪನಾದುದು ಬಂಗಾರದಿಂದಲ್ಲ. ಪೌಲ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಸಣ್ಣವನೆಂದು ಅರ್ಥ. ತಮಿಳಿನ 'ಚಿನ್ನ'ವೂ ಅದೇ. ತಮಿಳು ಕ್ರೈಸ್ತರ ನಂಟು ಈ ಒಂದು ಹೆಸರಿನಲ್ಲಿಯೇ ಅಡಗಿದೆ.

ಅಕ್ಷರವನ್ನು ಹಿಡಿದು ಎರಡು ತಲೆಮಾರು ಹಿಂದೆ ಹೋಗಬಹುದು, ಅಷ್ಟೇ. ಮುಂದಕ್ಕೆ ನೆರವಾಗುವುದು ದೇವಾಲಯದ ದಾಖಲೆ ಪುಸ್ತಕ. ಮದುವೆಗಳನ್ನೂ ಜ್ಞಾನಸ್ನಾನದ ಸಾಕ್ಷಿಗಳನ್ನೂ ಬರೆದಿಡಬೇಕೆಂದು 1563ರಲ್ಲಿಯೇ ಟ್ರೆಂಟ್ ಮಹಾಸಭೆ ವಿಧಿಸಿತ್ತು.

ಈಗ ಪಾಸ್‌ಪೋರ್ಟ್ ಅರ್ಜಿ ಉಪನಾಮವನ್ನು ಕೇಳುತ್ತದೆ. ಅಣ್ಣನು ತಂದೆಯ ಹೆಸರನ್ನು ಬರೆಯುತ್ತಾನೆ, ತಮ್ಮನು ಊರಿನ ಹೆಸರನ್ನು. ಒಂದೇ ಒಲೆಯಲ್ಲಿ ಉಂಡವರ ಮಕ್ಕಳು ಕಾಗದದ ಮೇಲೆ ಬೇರೆ ಬೇರೆ ಮನೆತನದವರಾಗುತ್ತಾರೆ. ತಾಯಿಯ ತವರೂರಂತೂ ಈ ಅಕ್ಷರಗಳಲ್ಲಿ ಎಂದೂ ಸೇರಿಲ್ಲ. ಅದನ್ನು ಹೇಳಬಲ್ಲವರು ಮನೆಯ ಅಜ್ಜಿಯಂದಿರು ಮಾತ್ರ. ಅವರು ಹೇಳುವಾಗ ಬರೆದುಕೊಳ್ಳಲು ಒಬ್ಬ ಮೊಮ್ಮಗನೋ ಮೊಮ್ಮಗಳೋ ಪಕ್ಕದಲ್ಲಿರಬೇಕು.